ಶಿವರಾತ್ರಿ ಕಳೆದ ಮೇಲೆ ಹಸು ಹಾಲು ಇಳಿಸಿದೆ, ಏನು ಮಾಡೋಣ?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಹತ್ತು ವರ್ಷ ಬೆಂಗಳೂರಲ್ಲಿದ್ದು ಎರಡು ವರ್ಷದ ಹಿಂದೆ ಊರಿಗೆ ವಾಪಸ್ ಬಂದೆವು. ಎರಡು ಎಕರೆ ಜಮೀನಿದೆ, ಅದರಲ್ಲಿ ಅರ್ಧ ಎಕರೆ ಹಿಪ್ಪುನೇರಳೆ. ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಸೀಮೆಹಸು, ಏಳು ಕುರಿ, ಒಂದಿಷ್ಟು ನಾಟಿ ಕೋಳಿ ಸಾಕಿದ್ದೇವೆ. ಹಸು ದೀಪಾವಳಿ ಹೊತ್ತಿಗೆ ಕರು ಹಾಕಿತು. ಸಂಕ್ರಾಂತಿಯಲ್ಲಿ ದಿನಕ್ಕೆ 12 ಲೀಟರ್ ಹಾಲಿತ್ತು. ಶಿವರಾತ್ರಿ ಆದ ಮೇಲೆ ಇಳೀತಾ ಬಂದು ಈಗ 8 ಲೀಟರ್ ಆಗಿದೆ. ಡೈರಿಯಲ್ಲಿ ಫ್ಯಾಟ್ ಕೂಡ 3.9ರಿಂದ 3.3ಕ್ಕೆ ಬಿದ್ದಿದೆ. ಹಿಂಡಿ, ಬೂಸಾ ಕಡಿಮೆ ಮಾಡಿಲ್ಲ. ಬೆಳಿಗ್ಗೆ ಎರಡು ಬಕೆಟ್, ಸಂಜೆ ಎರಡು ಬಕೆಟ್ ನೀರು ಕುಡಿಸುತ್ತೇವೆ. ಊರಲ್ಲಿ ಮದುವೆ ಆದಾಗ ಉಳಿದ ಅನ್ನ ತಂದು ಹಾಕಿದೆವು, ಚೆನ್ನಾಗಿಯೇ ತಿಂದಿತು. ಅತ್ತೆ ದೃಷ್ಟಿ ಆಗಿದೆ ಅಂತಾರೆ. ಅಂಗಡಿಯವರು ಟಾನಿಕ್ ಕೊಡಿ ಅಂತಾರೆ. ಯುಗಾದಿಗೆ ಇನ್ನೊಂದು ಹಸು ತರೋಣ ಅಂತ ನಮ್ಮ ಯಜಮಾನರ ಆಸೆ. ತರಬಹುದಾ? ಕುರಿಗಳಿಗೆ ಈ ಕಾಲದಲ್ಲಿ ಏನು ಜೋಪಾನ ಮಾಡಬೇಕು? ಹನ್ನೆರಡು ಮೊಟ್ಟೆಗೆ ಕೋಳಿ ಕಾವು ಕೂರಿಸಿದರೆ ಮೂರೇ ಮರಿ ಆದವು. ಅದಕ್ಕೂ ಕಾರಣ ಹೇಳಿ.

ಉತ್ತರ: ನೋಡಿಮ್ಮಾ, ಮೊದಲು ನಿಮ್ಮ ಮನಸ್ಸಿನ ಭಾರ ಸ್ವಲ್ಪ ಇಳಿಸುತ್ತೇನೆ. ನೀವು ನಾಲ್ಕು ಲೀಟರ್ ಕಳೆದುಕೊಂಡಿಲ್ಲ.

ಹಸು ಕರು ಹಾಕಿದ ಒಂದೂವರೆ ಎರಡು ತಿಂಗಳಿಗೆ ಹಾಲು ತುದಿ ಮುಟ್ಟುತ್ತದೆ. ಆಮೇಲೆ ತಿಂಗಳಿಗೆ ನೂರಕ್ಕೆ ಏಳೆಂಟು ಪಾಲಿನಂತೆ ತಾನಾಗಿಯೇ ಇಳಿಯುತ್ತದೆ. ನಿಮ್ಮ ಹಸು ದೀಪಾವಳಿಗೆ ಕರು ಹಾಕಿದೆ. ಸಂಕ್ರಾಂತಿಯಲ್ಲಿ ನೀವು ಕಂಡ 12 ಲೀಟರ್ ಅದರ ತುದಿ. ಅಲ್ಲಿಂದ ಇವತ್ತಿಗೆ ಎರಡೂವರೆ ತಿಂಗಳು. ಎಲ್ಲ ಸರಿಯಿದ್ದರೂ ಈಗ ಹತ್ತು ಲೀಟರ್ ಆಸುಪಾಸಿನಲ್ಲೇ ಇರುತ್ತಿತ್ತು. ಹಾಗಾಗಿ ನಾವು ಹುಡುಕಬೇಕಾದದ್ದು ಎರಡು ಲೀಟರ್ ಮಾತ್ರ. ಆ ಎರಡು ಲೀಟರ್ ಎಲ್ಲಿ ಹೋಯಿತು ಅನ್ನುವುದು ನಿಮ್ಮ ಪತ್ರದಲ್ಲೇ ಇದೆ. ನಾಲ್ಕು ಬಕೆಟ್ ನೀರು ಅಂತ ಬರೆದಿದ್ದೀರಲ್ಲ, ಅಲ್ಲಿದೆ.

ನಮ್ಮ ಮನೆಗಳ ಬಕೆಟ್ ಹನ್ನೆರಡು ಹದಿಮೂರು ಲೀಟರ್ ಹಿಡಿಯುತ್ತದೆ. ನಾಲ್ಕು ಬಕೆಟ್ ಅಂದರೆ 50 ಲೀಟರ್. ಹಸುವಿನ ಮೈಗೆ ಅಂತಲೇ ದಿನಕ್ಕೆ 35ರಿಂದ 40 ಲೀಟರ್ ಬೇಕು. ಅದರ ಮೇಲೆ ಒಂದೊಂದು ಲೀಟರ್ ಹಾಲಿಗೆ ನಾಲ್ಕೈದು ಲೀಟರ್ ನೀರು ಬೇಕು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ತಾನೆ? ಹತ್ತು ಲೀಟರ್ ಹಾಲು ಕೊಡುವ ಹಸುವಿಗೆ 80 ಲೀಟರ್ ಬೇಕೇ ಬೇಕು, ಬಿಸಿಲು ಹೆಚ್ಚಾದ ದಿನ ಇನ್ನೂ ಜಾಸ್ತಿ.

ಹಾಗಾದರೆ ಸಂಕ್ರಾಂತಿಯಲ್ಲೂ ನಾಲ್ಕೇ ಬಕೆಟ್ ಕೊಟ್ಟಿದ್ದೆವಲ್ಲ, ಆಗ 12 ಲೀಟರ್ ಹೇಗೆ ಕೊಟ್ಟಿತು ಅಂತ ನೀವು ಕೇಳಬಹುದು. ಆಗ ನೀವು ಹಸಿರು ಹುಲ್ಲು ಹಾಕುತ್ತಿದ್ದಿರಿ. ಸೀಮೆಹುಲ್ಲಾಗಲಿ, ಬದುವಿನ ಹುಲ್ಲಾಗಲಿ, ಅದರಲ್ಲಿ ಮುಕ್ಕಾಲು ಪಾಲು ನೀರು. 25 ಕೆಜಿ ಹಸಿರು ತಿಂದರೆ ಹತ್ತಿರ ಹತ್ತಿರ 20 ಲೀಟರ್ ನೀರು ಹೊಟ್ಟೆಗೆ ಹೋಗಿರುತ್ತದೆ. ಚಳಿಯಲ್ಲಿ ಬಾಯಾರಿಕೆಯೂ ಕಡಿಮೆ. ಈಗ ಬದು ಒಣಗಿದೆ. ಮೆದೆಯಿಂದ ರಾಗಿ ಹುಲ್ಲು ಎಳೆದು ಹಾಕುತ್ತಿದ್ದೀರಿ, ಅಲ್ವಾ? ಒಣ ಹುಲ್ಲಿನಲ್ಲಿ ನೀರು ಎಲ್ಲಿಂದ ಬರಬೇಕು? ಬಕೆಟ್ ಅಷ್ಟೇ ಇದೆ, ಮೇವಿನ ನೀರು ಹೋಯಿತು, ಬಿಸಿಲು ಬಂತು. ಹಸು ತನ್ನ ಮೈಗೆ ಬೇಕಾದ ನೀರು ಇಟ್ಟುಕೊಂಡು ಹಾಲಿನ ನೀರು ಕಡಿತ ಮಾಡಿದೆ. ಇದರಲ್ಲಿ ದೃಷ್ಟಿಯೂ ಇಲ್ಲ, ಟಾನಿಕ್ಕಿನ ಕೊರತೆಯೂ ಇಲ್ಲ. ಅತ್ತೆಯವರಿಗೆ ಸಮಾಧಾನ ಆಗುವುದಾದರೆ ದೃಷ್ಟಿ ತೆಗೆಯಲಿ, ಹಸುವಿಗೆ ತೊಂದರೆಯಿಲ್ಲ. ಟಾನಿಕ್ಕಿನ ದುಡ್ಡು ಮಾತ್ರ ಉಳಿಸಿ.

ಇನ್ನೊಂದು ವಿಷಯ. ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಕೊಟ್ಟಿಗೆಗೆ ಹೋಗಿ, ಮೇಲಿನ ಕಪ್ಪು ಸಿಂಟೆಕ್ಸ್‌ನಿಂದ ನಲ್ಲಿ ಬಿಟ್ಟು ನಿಮ್ಮ ಕೈ ಹಿಡಿಯಿರಿ. ನೀರು ಸ್ನಾನಕ್ಕೆ ಕಾಯಿಸಿದ ಹಾಗೆ ಇರುತ್ತದೆ. ಆ ನೀರನ್ನು ಹಸು ಮೂಸಿ ಬಿಟ್ಟುಬಿಡುತ್ತದೆ. ಎಷ್ಟೋ ಮನೆಗಳಲ್ಲಿ "ಸಾರ್, ನೀರಿಟ್ಟರೂ ಕುಡಿಯಲ್ಲ" ಅನ್ನುತ್ತಾರೆ. ತೊಟ್ಟಿಗೆ ಕೈ ಹಾಕಿ ನೋಡಿದವರು ಕಡಿಮೆ. ನೆರಳಲ್ಲಿ ಒಂದು ಸಿಮೆಂಟ್ ತೊಟ್ಟಿ ಇಡಿ. ಬೆಳಗಿನ ಜಾವ ಬೋರ್‌ವೆಲ್ ನೀರನ್ನು ನೇರವಾಗಿ ಅದಕ್ಕೆ ತುಂಬಿಸಿ. ಹಸುವಿನ ಬಾಯಿಗೆ ಎಟುಕುವಂತೆ ದಿನವಿಡೀ, ರಾತ್ರಿಯಿಡೀ ನೀರಿರಲಿ. ಎಷ್ಟು ಕುಡಿಯಬೇಕು ಅನ್ನುವ ಲೆಕ್ಕ ಅದಕ್ಕೇ ಬಿಡಿ. ಮೂರು ದಿನಕ್ಕೊಮ್ಮೆ ತೊಟ್ಟಿ ತಿಕ್ಕಿ ತೊಳೆಯಿರಿ, ಆಗಾಗ ಒಳಗೆ ಸುಣ್ಣ ಬಳಿಯಿರಿ, ಪಾಚಿ ಕಟ್ಟುವುದಿಲ್ಲ. ಬೋರ್ ತುಂಬಾ ಆಳದ್ದಾದರೆ ಒಂದು ಬಾಟಲಿ ನೀರು ಪರೀಕ್ಷೆಗೆ ಕೊಡಿ. ಚಿಂತಾಮಣಿ, ಬಾಗೇಪಲ್ಲಿ, ಪಾವಗಡದ ಕಡೆ ಫ್ಲೋರೈಡ್ ತೊಂದರೆ ಮನುಷ್ಯರಿಗೆ ಎಷ್ಟೋ ದನಗಳಿಗೂ ಅಷ್ಟೇ. ಹಲ್ಲಿನ ಮೇಲೆ ಕಂದು ಗೆರೆ ಬಿದ್ದು ಬೇಗ ಸವೆಯುತ್ತವೆ, ವರ್ಷಗಳು ಹೋದ ಹಾಗೆ ಕಾಲು ಎಳೆಯುವುದು ಶುರುವಾಗುತ್ತದೆ.

ಇನ್ನು ಫ್ಯಾಟಿನ ಮಾತು. ಹಾಲಿನ ಬೆಣ್ಣೆ ಬರುವುದು ಹಿಂಡಿಯಿಂದ ಅಂತ ನಮ್ಮ ಜನ ನಂಬಿದ್ದಾರೆ. ನಿಜ ಏನೆಂದರೆ ಅದು ಬಹುಪಾಲು ಹುಲ್ಲಿನಿಂದ ಬರುತ್ತದೆ. ನಾರಿನ ಮೇವು ಹೊಟ್ಟೆಯಲ್ಲಿ ಹುಳಿತು, ಅದರಿಂದ ಬರುವ ಅಂಶದಿಂದ ಕೆಚ್ಚಲು ಬೆಣ್ಣೆ ಕಟ್ಟುತ್ತದೆ. ಈ ಹುಳಿಯುವ ಕೆಲಸದಲ್ಲಿ ಬಿಸಿ ಹುಟ್ಟುತ್ತದೆ, ಒಣ ಹುಲ್ಲಿನಿಂದ ಇನ್ನೂ ಜಾಸ್ತಿ ಹುಟ್ಟುತ್ತದೆ. ಹಸುವಿನ ಹೊಟ್ಟೆಯೊಳಗೆ ಒಂದು ಒಲೆ ಉರಿಯುತ್ತಿದೆ ಅಂದುಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಒಂದು ಹೊರೆ ರಾಗಿ ಹುಲ್ಲು ಹಾಕಿದರೆ ಆ ಒಲೆ ಜೋರಾಗುವುದು ಹನ್ನೊಂದು ಹನ್ನೆರಡು ಗಂಟೆಗೆ. ಹೊರಗೂ ಬಿಸಿಲು, ಒಳಗೂ ಬೆಂಕಿ. ಆಗ ಹಸು ಹುಲ್ಲಿಗೆ ಬಾಯಿ ಹಾಕುವುದಿಲ್ಲ. ಹಿಂಡಿ ಬೂಸಾ ಇಟ್ಟರೆ ತಿನ್ನುತ್ತದೆ, ಯಾಕೆಂದರೆ ರುಚಿ. ನಾವು "ತಿಂತಿದೆ ಬಿಡು" ಅಂದುಕೊಳ್ಳುತ್ತೇವೆ. ನಾರು ಹೋಗದೆ ಬರೀ ಹಿಂಡಿ ಹೋದರೆ ಫ್ಯಾಟ್ ಇಳಿಯದೆ ಏನಾಗುತ್ತದೆ?

ಅದಕ್ಕೇ ನಾನು ಈ ಎರಡು ತಿಂಗಳು ಮನೆಯ ಗಡಿಯಾರವನ್ನೇ ಬದಲಾಯಿಸಿ ಅನ್ನುವುದು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅನ್ನುತ್ತೇವೆ. ಆದರೆ ಚಳಿ ಹೋದ ಮೇಲೂ ನಾವು ಚಳಿಗಾಲದ ಹೊತ್ತಿಗೇ ಮೇವು ಹಾಕುತ್ತಿರುತ್ತೇವೆ. ಹಾಡಲ್ಲಿ ವಸಂತ ಅಂದರೆ ಚಿಗುರು, ಕೋಗಿಲೆ. ನಮ್ಮ ಬಯಲುಸೀಮೆಯ ಕೊಟ್ಟಿಗೆಯಲ್ಲಿ ವಸಂತ ಅಂದರೆ ಹಸಿರು ಮುಗಿದು ಮೆದೆ ಕರಗುವ ಕಾಲ. ಹೊಂಗೆ, ಬೇವು ಚಿಗುರುತ್ತವೆ, ನೆಲ ಚಿಗುರುವುದಿಲ್ಲ.

ನನ್ನ ಮಾತು ಕೇಳಿ ಒಂದು ವಾರ ಹೀಗೆ ನಡೆಸಿ ನೋಡಿ. ಬೆಳಿಗ್ಗೆ ಐದಕ್ಕೇ ಎದ್ದು ಹಾಲು ಕರೆಯುವ ಮುಂಚೆ ಸ್ವಲ್ಪ ಹಸಿರು, ಹಿಂಡಿಯಲ್ಲಿ ಮೂರನೇ ಒಂದು ಪಾಲು ಕೊಡಿ. ಕರೆದಾದ ಮೇಲೆ ತಕ್ಷಣ ಮಲಗಲು ಬಿಡಬೇಡಿ, ಮುಂದೆ ಒಂದು ಹಿಡಿ ಹುಲ್ಲು ಹಾಕಿ ಅರ್ಧ ಗಂಟೆ ನಿಂತಿರಲಿ. ಕರೆದ ಮೇಲೆ ಮೊಲೆಯ ತೂತು ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು. ಅದಕ್ಕೆ ಮುಂಚೆ ಸಗಣಿ ನೆಲದಲ್ಲಿ ಮಲಗಿದರೆ ಕೆಚ್ಚಲು ಬಾವು ಕರೆದು ತಂದ ಹಾಗೆ. ಒಂಬತ್ತರ ಮೇಲೆ ಭಾರದ ಮೇವು ಬೇಡ. ಹಿಪ್ಪುನೇರಳೆ ಕಡ್ಡಿಯೋ, ಹಸಿರು ಇದ್ದರೆ ಸ್ವಲ್ಪ ಹಸಿರೋ ಸಾಕು. ಸಂಜೆ ಕರೆಯುವಾಗ ಹಿಂಡಿಯ ಇನ್ನೊಂದು ಪಾಲು. ರಾತ್ರಿ ನೀವು ಊಟ ಮುಗಿಸಿ ಒಂಬತ್ತಕ್ಕೆ ಒಮ್ಮೆ ಕೊಟ್ಟಿಗೆಗೆ ಹೋಗಿ. ಉಳಿದ ಹಿಂಡಿ ಕೊಟ್ಟು, ರಾಗಿ ಹುಲ್ಲನ್ನು ಕೈ ಬಿಚ್ಚಿ ಹಾಕಿ. ಸಾಧ್ಯವಾದರೆ ಕತ್ತರಿಸಿ, ಸ್ವಲ್ಪ ಉಪ್ಪುನೀರು ಚಿಮುಕಿಸಿ. ರಾತ್ರಿ ತಂಪಿನಲ್ಲಿ ನೆಮ್ಮದಿಯಾಗಿ ತಿಂದು, ಬೆಳಗಿನ ಜಾವದವರೆಗೆ ಮೆಲುಕು ಹಾಕುತ್ತದೆ. ಒಳಗಿನ ಒಲೆ ತಂಪು ಹೊತ್ತಿನಲ್ಲಿ ಉರಿಯಲಿ. ನಮ್ಮ ಕೋಲಾರ ಚಿಕ್ಕಬಳ್ಳಾಪುರದ ದೊಡ್ಡ ಪುಣ್ಯ ಅಂದರೆ ರಾತ್ರಿ ತಂಪು. ಸಮುದ್ರ ಮಟ್ಟದಿಂದ ಎತ್ತರದಲ್ಲಿರುವ ಊರುಗಳಿವು. ಆ ತಂಪನ್ನು ಹಸುವಿಗೆ ಉಪಯೋಗ ಮಾಡಿಕೊಡಬೇಕು ಅಷ್ಟೇ. ಲವಣ ಮಿಶ್ರಣ ದಿನಕ್ಕೆ 50 ಗ್ರಾಂ, ಅಡುಗೆ ಉಪ್ಪು 30 ಗ್ರಾಂ ತಪ್ಪಿಸಬೇಡಿ.

ನಿಮ್ಮ ಹಸುವಿನ ವಂಶ ಹಾಲೆಂಡ್ ಕಡೆಯದು. 25 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ನಮ್ಮ ನಾಟಿ ತಳಿ ಹಳ್ಳಿಕಾರ್ ಮಧ್ಯಾಹ್ನದ ಬಿಸಿಲಲ್ಲೂ ತಲೆ ಎತ್ತಿ ನಿಂತಿರುತ್ತದೆ. ಇದು ಹಾಗಲ್ಲ. ಇದಕ್ಕೆ ಕಷ್ಟ ಆಗಿದೆಯಾ ಅಂತ ತಿಳಿಯಲು ಡಾಕ್ಟರೇ ಬರಬೇಕಿಲ್ಲ. ಮಧ್ಯಾಹ್ನ ಎರಡೂವರೆಗೆ ಹಸುವಿನ ಪಕ್ಕ, ಸ್ವಲ್ಪ ದೂರದಲ್ಲಿ ನಿಲ್ಲಿ. ಮೊಬೈಲ್‌ನಲ್ಲಿ ಒಂದು ನಿಮಿಷ ಇಟ್ಟುಕೊಳ್ಳಿ. ಪಕ್ಕೆಯ ಹಿಂದೆ ಗುಳಿ ಬೀಳುವ ಜಾಗ ನೋಡುತ್ತಾ ಇರಿ. ಅದು ಒಮ್ಮೆ ಏರಿ ಇಳಿದರೆ ಒಂದು ಉಸಿರು. ನಿಮಿಷಕ್ಕೆ 30, 40 ಇದ್ದರೆ ಆರಾಮಾಗಿದೆ. 60 ದಾಟಿದರೆ ಬಿಸಿಲಿನ ಬಾಧೆ. 80, 90 ಆಗಿ, ಬಾಯಿ ತೆರೆದು ಜೊಲ್ಲು ಸುರಿಸುತ್ತಿದ್ದರೆ ಆ ಕ್ಷಣವೇ ನೆರಳಿಗೆ ಕಟ್ಟಿ ಮೈಮೇಲೆ ನೀರು ಹಾಕಬೇಕು, ಡಾಕ್ಟರಿಗೆ ಫೋನ್ ಮಾಡಬೇಕು. ಇನ್ನೊಂದು ಗುರುತು ಹೇಳುತ್ತೇನೆ. ಎಲ್ಲ ಹಸುಗಳೂ ಮಲಗುವ ಹೊತ್ತಲ್ಲಿ ನಿಮ್ಮದು ನಿಂತೇ ಇದ್ದರೆ ಅದಕ್ಕೆ ಸೆಕೆ ಆಗುತ್ತಿದೆ ಅಂತಲೇ ಅರ್ಥ. ನಿಂತರೆ ಮೈಗೆ ನಾಲ್ಕೂ ಕಡೆ ಗಾಳಿ ಆಡುತ್ತದೆ ಅಂತ ಅದಕ್ಕೆ ಗೊತ್ತು.

ಕೊಟ್ಟಿಗೆಗೆ ಶೀಟ್ ಹಾಕಿಸಿದ್ದರೆ ಅದರ ಮೇಲೆ ತೆಂಗಿನ ಗರಿ ಹೊದಿಸಿ, ಇಲ್ಲದಿದ್ದರೆ ಸುಣ್ಣ ಬಳಿಸಿ. ಹಗಲು ಹೊತ್ತು ಹೊಂಗೆ ಮರವೋ ಹುಣಸೆ ಮರವೋ ಇದ್ದರೆ ಅದರ ಕೆಳಗೆ ಕಟ್ಟುವುದು ಎಲ್ಲಕ್ಕಿಂತ ಮೇಲು. ಮರದ ನೆರಳಿಗೆ ಸಮನಾದ ನೆರಳನ್ನು ಯಾವ ಕಂಪನಿಯೂ ಮಾಡಿಲ್ಲ. ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ ಮೈಗೆ ನೀರು ಎರಚಿ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ. ಗಾಳಿ ಇಲ್ಲದ ಮುಚ್ಚಿದ ಕೊಟ್ಟಿಗೆಯಲ್ಲಿ ನೀರು ಎರಚಿದರೆ ಸೆಕೆ ಇನ್ನೂ ಹೆಚ್ಚಾಗುತ್ತದೆ. ಹಾಲು ಕರೆಯುವ ಹೊತ್ತಿಗೆ ಮಾತ್ರ ಮೈ ಒಣಗಿರಬೇಕು. ಬೆನ್ನಿನ ಕೊಳೆನೀರು ಇಳಿದು ಮೊಲೆಗೆ ಬರಬಾರದು.

ಈಗ ಮದುವೆ ಅನ್ನದ ವಿಷಯಕ್ಕೆ ಬರುತ್ತೇನೆ. ಇದನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ.

ಯುಗಾದಿ ಆದ ಮೇಲೆ ನಮ್ಮ ಕಡೆ ಮದುವೆಗಳ ಸಾಲು. ಛತ್ರದಲ್ಲಿ ಉಳಿದ ಅನ್ನ, ಪಾಯಸ, ಬೂಂದಿ ಎಲ್ಲ ಬಕೆಟ್ಟುಗಟ್ಟಲೆ ಹಸುವಿನ ಬಾನಿಗೆ ಬರುತ್ತದೆ. ಅನ್ನ ಚೆಲ್ಲಬಾರದು, ಗೋಮಾತೆಗೆ ಹಾಕಿದರೆ ಪುಣ್ಯ ಅನ್ನುವ ಒಳ್ಳೆಯ ಮನಸ್ಸಿನಿಂದಲೇ ಹಾಕುತ್ತಾರೆ. ಹಸುವಿನ ಹೊಟ್ಟೆ ಹುಲ್ಲಿಗೆ ಮಾಡಿದ್ದು. ಬೆಂದ ಅನ್ನ, ಸಕ್ಕರೆ, ಬೆಲ್ಲ ಒಂದೇ ಸಲ ಜಾಸ್ತಿ ಬಿದ್ದರೆ ಅಲ್ಲಿ ಹುಳಿ ಉಕ್ಕುತ್ತದೆ. ಹುಲ್ಲು ಕರಗಿಸುವ ಜೀವಾಣುಗಳು ಆ ಹುಳಿಯಲ್ಲಿ ಸಾಯುತ್ತವೆ. ಹುಳಿ ರಕ್ತಕ್ಕೂ ಇಳಿಯುತ್ತದೆ. ಹೊಟ್ಟೆ ನಿಂತುಹೋಗುತ್ತದೆ. ಮೊದಲ ದಿನ ಮೇವು ಬಿಡುತ್ತದೆ, ಹಲ್ಲು ಕಡಿಯುತ್ತದೆ, ಸಗಣಿ ಹುಳಿವಾಸನೆ ಬಂದು ತೆಳ್ಳಗಾಗುತ್ತದೆ. ಎರಡನೇ ದಿನ ಕಣ್ಣು ಗುಳಿಬಿದ್ದು ಕಿವಿ ತಣ್ಣಗಾಗುತ್ತದೆ, ಹಸು ಏಳುವುದಿಲ್ಲ.

ಇದು ನಮ್ಮ ಮನೆಯಲ್ಲೇ ಆಗಿದೆ. ನಾನು ಆಗ ಪಶು ಡಾಕ್ಟರಾಗಿ ನಾಲ್ಕು ವರ್ಷ ಆಗಿತ್ತು, ಬೇರೆ ತಾಲ್ಲೂಕಿನಲ್ಲಿ ಕೆಲಸ. ಊರಲ್ಲಿ ಕೆಂದಿ ಅಂತ ಒಂದು ಹಸು. ಯುಗಾದಿಗೆ ಮನೆ ತುಂಬಾ ನೆಂಟರು. ಒಬ್ಬಟ್ಟಿನ ಹೂರಣ, ಅನ್ನ ಬೇಕಾದಷ್ಟು ಉಳಿಯಿತು. ನಮ್ಮ ತಾಯಿ ಹಬ್ಬದ ಊಟ ಅದಕ್ಕೂ ಸಿಗಲಿ ಅಂತ ಅಷ್ಟನ್ನೂ ಬಾನಿಗೆ ಹಾಕಿದರು. ಕೆಂದಿ ನೆಕ್ಕಿ ನೆಕ್ಕಿ ತಿಂದಿತಂತೆ. ಮಾರನೇ ದಿನ ಮೇವು ಮುಟ್ಟಲಿಲ್ಲ. ಹೊಟ್ಟೆ ತುಂಬಿದೆ ಅಂದುಕೊಂಡರು. ನನಗೆ ಸುದ್ದಿ ಮುಟ್ಟಿ ನಾನು ಊರು ಸೇರಿದಾಗ ವರ್ಷದೊಡಕಿನ ಸಂಜೆ ಆಗಿತ್ತು. ಕೆಂದಿ ಕುತ್ತಿಗೆ ಪಕ್ಕಕ್ಕೆ ತಿರುಗಿಸಿ ಮಲಗಿತ್ತು. ಬಾಟಲಿ ಮೇಲೆ ಬಾಟಲಿ ಏರಿಸಿದೆ. ಬೆಳಗಾಗುವ ಮೊದಲೇ ಹೋಯಿತು. ಎಷ್ಟೋ ಮನೆಗಳ ಹಸು ಉಳಿಸಿದ್ದ ನನ್ನ ಕೈಗೆ ನಮ್ಮನೆಯ ಹಸು ಸಿಗಲಿಲ್ಲ. ತಾಯಿ ಬದುಕಿರುವ ತನಕ ಆ ಮಾತು ಎತ್ತಿದರೆ ಕಣ್ಣಲ್ಲಿ ನೀರು ತರುತ್ತಿದ್ದರು.

ನಿಮ್ಮ ಹಸು ಚೆನ್ನಾಗಿಯೇ ತಿಂದಿತು ಅಂದಿರಿ. ಎಲ್ಲ ಹಸುವೂ ಚೆನ್ನಾಗಿಯೇ ತಿನ್ನುತ್ತದೆ. ಈ ಸಲ ಪಾರಾಗಿದೆ, ಸಂತೋಷ. ಆದರೆ ಫ್ಯಾಟ್ ಇಳಿಯಲು ಅದೂ ಒಂದು ಕಾರಣ ಇರಬಹುದು. ಇನ್ನು ಮುಂದೆ ಮನೆಯ ಕಲಗಚ್ಚಿನಲ್ಲಿ ಬರುವ ಒಂದೆರಡು ಹಿಡಿ ಅನ್ನ ಸಾಕು, ಅದಕ್ಕಿಂತ ಬೇಡ. ಮಿಕ್ಕಿದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ಟೊಮೆಟೊ ರೇಟು ಬಿದ್ದಾಗ ರಾಶಿ ತಂದು ಸುರಿಯುವುದೂ ಹೀಗೆಯೇ. ಅದರಲ್ಲಿ ಹುಳಿಯ ಜೊತೆ ಔಷಧಿ ಹೊಡೆದದ್ದೂ ಇರುತ್ತದೆ. ಒಂದುವೇಳೆ ಗೊತ್ತಿಲ್ಲದೆ ಜಾಸ್ತಿ ತಿಂದುಬಿಟ್ಟರೆ, ತಿಂದ ಗಂಟೆಯಲ್ಲೇ ಡಾಕ್ಟರಿಗೆ ಹೇಳಿ, ಕಾಯಬೇಡಿ. 1962ಕ್ಕೆ ಫೋನ್ ಮಾಡಿದರೆ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ತಿಳಿಸಬಹುದು. ಗೊಟ್ಟದಲ್ಲಿ, ಅಂದರೆ ಬಿದಿರಿನ ಕೊಳವೆಯಲ್ಲಿ, ಬಾಯಿಗೆ ಮದ್ದು ಸುರಿಯುವ ಅಭ್ಯಾಸ ನಮ್ಮಲ್ಲಿ ಇದೆ. ಹಸು ಸುಸ್ತಾಗಿ ಮಲಗಿದ್ದಾಗ ತಲೆ ಮೇಲೆತ್ತಿ ಗೊಟ್ಟದಲ್ಲಿ ಏನನ್ನೂ ಸುರಿಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದು ಸತ್ತ ಹಸುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಹಸುವಿನ ರಕ್ತ ಹೀರುವ ಉಣ್ಣೆ ಹುಳದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಈ ಕಾಲದಲ್ಲಿ ಸೀಮೆಹಸುವಿಗೆ ಬಿಸಿಲಿಗಿಂತ ದೊಡ್ಡ ಶತ್ರು ಅದೇ. ದಿನಾ ಸಂಜೆ ಕಿವಿಯ ಒಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಕೆಚ್ಚಲಿನ ಹಿಂದೆ, ಬಾಲದ ಬುಡದಲ್ಲಿ ಕೈಯಾಡಿಸಿ. ರಕ್ತ ಕುಡಿದು ದಪ್ಪಗಾದ ಹೆಣ್ಣು ಉಣ್ಣೆ ಹಸುವಿನ ಮೈಮೇಲೆ ಮೊಟ್ಟೆ ಇಡುವುದಿಲ್ಲ. ಕೆಳಗೆ ಉದುರಿ, ಗೋಡೆಯ ಬಿರುಕಿಗೋ ಚಪ್ಪಡಿ ಸಂದಿಗೋ ಸೇರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹಾಗಾಗಿ ಹಸುವಿಗೆ ಔಷಧಿ ಹಚ್ಚಿ ಗೋಡೆ ಬಿಟ್ಟರೆ ಪ್ರಯೋಜನ ಇಲ್ಲ. ಬಿರುಕುಗಳಿಗೆ ಸಿಮೆಂಟ್ ಮೆತ್ತಿ, ಸುಣ್ಣ ಹೊಡೆಯಿರಿ. ನಿಮ್ಮ ನಾಟಿ ಕೋಳಿಗಳನ್ನು ಹಗಲು ಕೊಟ್ಟಿಗೆಯಲ್ಲಿ ಬಿಡಿ, ಉದುರಿದ ಉಣ್ಣೆಯನ್ನು ಅವು ಹೆಕ್ಕಿ ತಿನ್ನುತ್ತವೆ. ಟೊಮೆಟೊಗೆ ಹೊಡೆಯುವ ಔಷಧಿಯನ್ನು ಹಸುವಿನ ಮೈಗೆ ಹಚ್ಚುವವರಿದ್ದಾರೆ. ಖಂಡಿತ ಬೇಡ, ಹಸು ನೆಕ್ಕಿಕೊಂಡರೆ ವಿಷ. ಪಶು ಆಸ್ಪತ್ರೆಯಲ್ಲಿ ಕೇಳಿ ದನಕ್ಕೆಂದೇ ಇರುವ ಔಷಧಿ ತನ್ನಿ. ಜ್ವರ 104 ದಾಟಿ, ಭುಜದ ಮುಂದೆ ನಿಂಬೆಹಣ್ಣಿಗಿಂತ ದೊಡ್ಡ ಗಂಟು ಕೈಗೆ ಸಿಕ್ಕಿದರೆ ಅದು ಉಣ್ಣೆ ಜ್ವರ ಇರಬಹುದು. ಮೊದಲ ಎರಡು ಮೂರು ದಿನದಲ್ಲಿ ಇಂಜೆಕ್ಷನ್ ಬಿದ್ದರೆ ಉಳಿಯುತ್ತದೆ.

ಹಸು ಕರು ಹಾಕಿ ಐದು ತಿಂಗಳಾಗುತ್ತಾ ಬಂತು, ಮತ್ತೆ ಗಬ್ಬ ಕಟ್ಟಲು ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಒಂದು ಮಾತು. ಬಿಸಿಲುಗಾಲದಲ್ಲಿ ಬೆದೆ ಗುಟ್ಟಾಗಿ ಬರುತ್ತದೆ. ಹಗಲು ಏನೂ ಗೊತ್ತಾಗುವುದಿಲ್ಲ. ರಾತ್ರಿ ಹುಲ್ಲು ಹಾಕಲು ಹೋದಾಗ, ಬೆಳಗಿನ ಜಾವ ಎದ್ದಾಗ ಹಿಂಭಾಗ ನೋಡಿ. ಲೋಳೆ ಗಾಜಿನ ಎಳೆಯಂತೆ ಇಳಿದಿದ್ದರೆ ಬೆದೆಗೆ ಬಂದಿದೆ. ಸಂಜೆ ಕಂಡರೆ ಬೆಳಿಗ್ಗೆ, ಬೆಳಿಗ್ಗೆ ಕಂಡರೆ ಸಂಜೆ ಇಂಜೆಕ್ಷನ್ ಕೊಡಿಸಿ. ತಪ್ಪಿದರೆ ಮತ್ತೆ 21 ದಿನ ಕಾಯಬೇಕು.

ಇನ್ನೊಂದು ಹಸು ತರಬಹುದಾ ಅಂತ ಕೇಳಿದ್ದೀರಿ. ಬೇಡ. ಯಜಮಾನರಿಗೆ ಬೇಜಾರಾದರೂ ಪರವಾಗಿಲ್ಲ, ಹಿರಿಯನಾಗಿ ಹೇಳುತ್ತೇನೆ. ಇರುವ ಒಂದು ಹಸುವಿಗೇ ನೀರು, ಹಸಿರು ಸಾಲದ ಕಾಲ ಇದು. ಮಳೆ ಬಂದು ಮೇವು ಆಗುವವರೆಗೆ ಮೆದೆ ಎಷ್ಟು ದಿನ ಬರುತ್ತದೆ ಅಂತ ಇಬ್ಬರೂ ಕೂತು ಲೆಕ್ಕ ಹಾಕಿ. ಸೀಮೆಹಸುವಿಗೆ ದಿನಕ್ಕೆ ಏಳೆಂಟು ಕೆಜಿ ಒಣ ಹುಲ್ಲು ಅಂತ ಹಿಡಿಯಿರಿ. ಒಂದು ಹಸುವಿಗೆ ಮಳೆಗಾಲದ ತನಕ ಬರುವ ಮೆದೆ ಎರಡು ಹಸುವಿಗೆ ವೈಶಾಖಕ್ಕೇ ಮುಗಿಯುತ್ತದೆ. ಆಮೇಲೆ ಹುಲ್ಲು ಕೊಂಡು ಹಾಕಬೇಕು, ಆಗ ರೇಟೂ ಏರಿರುತ್ತದೆ. ಆ ದುಡ್ಡಲ್ಲಿ ಈಗ ನೀರಿನ ತೊಟ್ಟಿ ಕಟ್ಟಿಸಿ, ಒಂದು ಹುಲ್ಲು ಕತ್ತರಿಸುವ ಮೆಷಿನ್ ತನ್ನಿ. ಹತ್ತು ಗುಂಟೆಗೆ ಸೀಮೆಹುಲ್ಲಿನ ಕಡ್ಡಿ ನೆಡಲು ಜಾಗ ಸಿದ್ಧಮಾಡಿ. ಕಡ್ಡಿ ಎಲ್ಲಿ ಸಿಗುತ್ತದೆ ಅಂತ ನಿಮ್ಮ ಪಕ್ಕದ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮೇವು ಮೊದಲು, ಹಸು ಆಮೇಲೆ. ಮಳೆಗಾಲ ಕಳೆದು ತರುವಾಗಲೂ, ಜಾತ್ರೆಯಿಂದ ತಂದರೂ ಸರಿ, ಪಕ್ಕದೂರಿಂದ ತಂದರೂ ಸರಿ, ಮೂರು ವಾರ ಬೇರೆ ಕಡೆ ಕಟ್ಟಿ. ನಂದಿಯ ಶಿವರಾತ್ರಿ ಜಾತ್ರೆಗೆ, ಸಿದ್ಧಗಂಗೆ ಜಾತ್ರೆಗೆ ದೂರ ದೂರದ ದನ ಬಂದು ಸೇರುತ್ತವೆ. ಕಾಲುಬಾಯಿ ಜ್ವರ, ಚರ್ಮಗಂಟು ರೋಗ ಜೊತೆಯಲ್ಲೇ ಬಂದುಬಿಡಬಹುದು.

ಮೆದೆ ಅಂದ ಕೂಡಲೆ ನೆನಪಾಯಿತು. ಅದನ್ನು ಕೊಟ್ಟಿಗೆಗೆ ಅಂಟಿಸಿ ಒಟ್ಟಬೇಡಿ, ಕರೆಂಟ್ ತಂತಿ ಕೆಳಗಂತೂ ಬೇಡವೇ ಬೇಡ. ಬೇಸಿಗೆಯಲ್ಲಿ ಒಂದು ಕಿಡಿ ಸಾಕು, ವರ್ಷದ ಮೇವು ಹೋಗುತ್ತದೆ.

ಕುರಿಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಅವು ಬಿಸಿಲನ್ನು ಹಸುವಿಗಿಂತ ಚೆನ್ನಾಗಿ ತಡೆಯುತ್ತವೆ. ಬೆಳಿಗ್ಗೆ ಆರಕ್ಕೆ ಹೊಡೆದು ಹತ್ತಕ್ಕೆ ನೆರಳಿಗೆ ತನ್ನಿ, ಮತ್ತೆ ನಾಲ್ಕಕ್ಕೆ ಬಿಡಿ. ಎರಡು ಹೊತ್ತೂ ನೀರು ಕುಡಿಸಿ. ನಿಮಗೆ ದೊಡ್ಡ ಭಯ ಇರುವುದು ಮಾವಿನ ತೋಟದಿಂದ. ನಿಮ್ಮ ಕಡೆ, ಶ್ರೀನಿವಾಸಪುರದ ಕಡೆ ಮಾವು ಹೂ ಬಿಟ್ಟಾಗಿನಿಂದ ಪಿಂದೆ ಆಗುವ ತನಕ ಜಿಗಿಹುಳಕ್ಕೆ ಔಷಧಿ ಹೊಡೆಯುತ್ತಾರೆ. ಔಷಧಿ ಮರದಿಂದ ತೊಟ್ಟಿಕ್ಕಿ ಕೆಳಗಿನ ಹುಲ್ಲಿಗೂ ಬೀಳುತ್ತದೆ. ಸುತ್ತ ಎಲ್ಲ ಒಣಗಿ ತೋಟದಲ್ಲಿ ಮಾತ್ರ ಹಸಿರು ಇರುವುದರಿಂದ ಕುರಿ ಅಲ್ಲಿಗೇ ನುಗ್ಗುತ್ತದೆ. ಪಕ್ಕದ ತೋಟದವರನ್ನು ಯಾವತ್ತು ಹೊಡೆದಿರಿ ಅಂತ ಬಾಯಿ ಬಿಟ್ಟು ಕೇಳಿ, ಎರಡು ಮೂರು ವಾರ ಆ ಕಡೆ ಬಿಡಬೇಡಿ. ಕುರಿ ನಡುಗಿ, ಬಾಯಲ್ಲಿ ನೊರೆ ಬಂದು, ಕಣ್ಣಿನ ಪಾಪೆ ಚಿಕ್ಕದಾಗಿದ್ದರೆ ಅದು ವಿಷವೇ. ಡಾಕ್ಟರ್ ಹತ್ತಿರ ಅದಕ್ಕೆ ಮದ್ದು ಇದೆ, ಆದರೆ ಗಂಟೆಗಳ ಲೆಕ್ಕ. ರೇಷ್ಮೆ ಹುಳು ಮನೆಯಿಂದ ಬರುವ ಹಿಪ್ಪುನೇರಳೆ ಕಡ್ಡಿ ಕುರಿಗೆ ಅಮೃತ. ಹುಳುವಿನ ಹಾಸಿಗೆಗೆ ಸುಣ್ಣ, ಸೋಂಕು ತಡೆಯುವ ಪುಡಿ ಉದುರಿಸಿದ ದಿನದ್ದು ಮಾತ್ರ ಹಾಕಬೇಡಿ.

ಅಶ್ವಿನಿ, ಭರಣಿ ಮಳೆ ಒಂದೆರಡು ಬಿದ್ದ ಕೂಡಲೆ ನೆಲ ಹಸಿರಾಗುತ್ತದೆ. ಆಗ ಹಸಿದ ಕುರಿಯನ್ನು ಎಳೆ ಹುಲ್ಲಿಗೆ ಒಮ್ಮೆಲೆ ಬಿಡಬೇಡಿ, ಒಣ ಹುಲ್ಲು ತಿನ್ನಿಸಿ ಬಿಡಿ. ಜೋಳ ಕುಯ್ದ ಹೊಲದಲ್ಲಿ ಕೂಳೆ ಚಿಗುರಿದ್ದರೆ ಅದು ವಿಷ, ಕುರಿಯಾಗಲಿ ಹಸುವಾಗಲಿ ಆ ಹೊಲ ತುಳಿಯಬಾರದು. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ಕುರಿಗಳಿಗೆ ಕರುಳುಬೇನೆ ಲಸಿಕೆ, ಹಸುವಿಗೆ ಗಳಲೆ ಮತ್ತು ಚಪ್ಪೆ ರೋಗದ ಲಸಿಕೆ ಹಾಕಿಸಿ.

ಕೊನೆಗೆ ಕೋಳಿ. ಹನ್ನೆರಡಕ್ಕೆ ಮೂರು ಮರಿ ಅಂದರೆ ಕೋಳಿಯದ್ದು ತಪ್ಪಿಲ್ಲ, ಮೊಟ್ಟೆಯದ್ದು. ಎಷ್ಟು ದಿನದ ಮೊಟ್ಟೆ ಕೂಡಿಟ್ಟಿರಿ, ಎಲ್ಲಿಟ್ಟಿರಿ? ಹದಿನೈದು ಇಪ್ಪತ್ತು ದಿನದ್ದನ್ನು ಅಡುಗೆ ಮನೆ ಗೂಡಿನಲ್ಲಿ ಇಟ್ಟಿರುತ್ತೀರಿ ಅಂತ ನನ್ನ ಅಂದಾಜು. ಮೊಟ್ಟೆಯೊಳಗಿನ ಜೀವ 20, 21 ಡಿಗ್ರಿ ದಾಟಿದರೆ ನಿಧಾನವಾಗಿ ಬೆಳೆಯಲು ಶುರುಮಾಡುತ್ತದೆ. ಚಳಿಗಾಲದಲ್ಲಿ ಆ ತೊಂದರೆ ಕಡಿಮೆ. ಈಗ ಹಗಲು ಶೀಟಿನ ಕೆಳಗೆ ಬಿಸಿಯಾಗಿ ಬೆಳೆಯಲು ಹೊರಡುತ್ತದೆ, ರಾತ್ರಿ ತಂಪಾಗಿ ನಿಲ್ಲುತ್ತದೆ. ಹೀಗೆ ನಾಲ್ಕೈದು ದಿನ ಆದರೆ ಕೋಳಿ ಕೂರುವ ಮೊದಲೇ ಒಳಗೆ ಸತ್ತಿರುತ್ತದೆ. ಕೋಳಿ ಪಾಪ 21 ದಿನ ಸತ್ತ ಮೊಟ್ಟೆಗೆ ಮೈ ಕಾಯಿಸುತ್ತದೆ.

ಒಂದು ವಾರದ ಒಳಗಿನ ಮೊಟ್ಟೆ ಮಾತ್ರ ಆರಿಸಿ. ಅಗಲ ಮಡಕೆಗೆ ಒದ್ದೆ ಮರಳು ಹಾಕಿ, ಅದರ ಮೇಲೆ ಒಣ ಬಟ್ಟೆ, ಬಟ್ಟೆ ಮೇಲೆ ಮೊಟ್ಟೆ. ಚೂಪು ತುದಿ ಕೆಳಗಿರಲಿ. ಮನೆಯ ತಂಪು ಮೂಲೆಯಲ್ಲಿಡಿ. ಫ್ರಿಜ್ ಬೇಡ. ಬುಟ್ಟಿಯ ತಳಕ್ಕೆ ಬೂದಿ, ಅದರ ಮೇಲೆ ಬೇವಿನ ಸೊಪ್ಪು, ಆಮೇಲೆ ಹುಲ್ಲು ಹಾಕಿ. ಕೋಳಿ ಹೇನು ಬಿದ್ದರೆ ಎಂಥ ಒಳ್ಳೆ ತಾಯಿಯೂ ಗೂಡು ಬಿಟ್ಟು ಎದ್ದುಬಿಡುತ್ತದೆ. ಸಂಜೆ ಕತ್ತಲಾಗುತ್ತಿದ್ದಂತೆ ಕೂರಿಸಿ. ಪಕ್ಕದಲ್ಲೇ ನೀರು, ರಾಗಿ ಇಡಿ. ಏಳನೇ ದಿನ ರಾತ್ರಿ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆಯ ಅಗಲ ತುದಿ ಇಟ್ಟು ನೋಡಿ. ಜೀವ ಇದ್ದರೆ ಒಳಗೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಜೇಡರ ಬಲೆಯಂತೆ ಕೆಂಪು ನರಗಳು ಕಾಣುತ್ತವೆ. ಸುಮ್ಮನೆ ಹಿಡಿದಿದ್ದರೆ ಆ ಚುಕ್ಕೆ ಅಲ್ಲಾಡುವುದೂ ಕಾಣುತ್ತದೆ. ಮಕ್ಕಳಿದ್ದರೆ ಕರೆದು ತೋರಿಸಿ. ಪೂರ್ತಿ ತಿಳಿಯಾಗಿ ಹಳದಿ ಬೆಳಕು ಬಂದರೆ ಆ ಮೊಟ್ಟೆ ತೆಗೆದುಬಿಡಿ. ಹುಟ್ಟಿದ ಮರಿಗಳಿಗೆ ಮೊದಲ ವಾರದಲ್ಲೇ ಕೊಕ್ಕರೆ (ರಾಣಿಖೇತ್) ರೋಗದ ಲಸಿಕೆ ಹನಿ ಹಾಕಿಸಿ, ಎಂಟನೇ ವಾರಕ್ಕೆ ಇಂಜೆಕ್ಷನ್.

ನೀರಿನ ತೊಟ್ಟಿ ಇಟ್ಟ ದಿನದಿಂದ ಹತ್ತು ದಿನ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬೆಳಿಗ್ಗೆ ಎಷ್ಟು ಹಾಲು, ಸಂಜೆ ಎಷ್ಟು, ಫ್ಯಾಟ್ ಎಷ್ಟು, ಮಧ್ಯಾಹ್ನ ಎರಡೂವರೆಯ ಉಸಿರು ಎಷ್ಟು, ರಾತ್ರಿ ಹಾಕಿದ ಹುಲ್ಲಲ್ಲಿ ಬೆಳಿಗ್ಗೆ ಎಷ್ಟು ಉಳಿದಿತ್ತು. ಐದಾರು ದಿನಕ್ಕೇ ಹಾಲು ಸ್ವಲ್ಪ ಏರಬೇಕು, ಫ್ಯಾಟ್ ಏರಲು ಇನ್ನೊಂದು ವಾರ ಹಿಡಿಯಬಹುದು. ಏರದೆ ಇದ್ದರೆ ಆ ಪುಟದ ಫೋಟೋ ತೆಗೆದು ನನಗೆ ಕಳಿಸಿ, ಜೊತೆಗೆ ಬೆಳಗಿನ ಸಗಣಿಯದ್ದೂ ಒಂದು ಫೋಟೋ ಇರಲಿ.